ಮನೆವಾರ್ತೆ: ವೇಷಧಾರಿಯ ಮಗ

ದಕ್ಷಿಣ ಕನ್ನಡ ಜಿಲ್ಲೆಯ ಒಂದು ಹಳ್ಳಿಯಿಂದ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಪತಿಯು ಯಕ್ಷಗಾನ ಮೇಳವೊಂದರಲ್ಲಿ ಸ್ತ್ರೀವೇಷಧಾರಿ. ಆರನೆಯ ತರಗತಿಯಲ್ಲಿ ಓದುತ್ತಿರುವ ಮಗನನ್ನು ಸಹಪಾಠಿಗಳು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು "ದಮಯಂತಿಯ ಮಗ" ಎಂದು ಕೂಗುವರಂತೆ, "ನಿನ್ನಪ್ಪನ ಸೀರೆ ಒಗೆದಾಯಿತೇನೋ?" ಎಂದು ಕೇಳುವರಂತೆ, ಅವನು ನಡೆಯುತ್ತಿರುವಾಗ ಹಿಂದಿನಿಂದ ಬಳುಕಿ ತೋರಿಸುವರಂತೆ. ಇಷ್ಟನ್ನೂ ಆ ತಾಯಿ ಹೇಗೋ ಸಹಿಸಿಕೊಂಡಿದ್ದರು. ಆದರೆ ಶಾಲೆಯಿಂದ ಬಂದ ಒಂದು ಕಾಗದದಲ್ಲಿ, ತಂದೆಯ ಉದ್ಯೋಗವೆಂಬಲ್ಲಿ, ಹುಡುಗನು ತನ್ನ ಕೈಯಾರೆ "ಮುಂಬಯಿಯಲ್ಲಿ ಹೋಟೆಲ್ ಕೆಲಸ" ಎಂದು ಬರೆದುದನ್ನು ಕಂಡ ದಿನ ಅವರಿಗೆ ಅನ್ನ ಸೇರಲಿಲ್ಲ. "ಶಾಲೆಯನ್ನು ಬದಲಿಸಲೇ, ಇಲ್ಲವೆ ವೇಷವನ್ನೇ ಬಿಡಿರೆಂದು ಇವರಿಗೆ ಹೇಳಲೇ?" ಎಂದು ಕೇಳಿರುವರು.

ಎರಡೂ ಬೇಡವೆಂಬುದೇ ನಮ್ಮ ಉತ್ತರ. ಶಾಲೆಯನ್ನು ಬದಲಿಸಿದರೆ ಸುದ್ದಿಯೂ ಹುಡುಗನ ಹಿಂದೆಯೇ ಹೋಗುವುದು. ವೇಷವನ್ನು ಬಿಡಿಸಿದರೆ, ತನ್ನ ದೆಸೆಯಿಂದ ತಂದೆಯ ಅನ್ನವು ತಪ್ಪಿತೆಂಬ ಭಾರವನ್ನು ಮಗುವು ಬಾಳೆಲ್ಲ ಹೊರಬೇಕಾದೀತು.

ಪತ್ರದ ನಡುವೆ ಆ ಸೋದರಿಯು ಲಘುವಾಗಿ ಬರೆದಿರುವ ಒಂದು ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಪತಿಯು ಒಗೆಯಲು ತಂದ ವೇಷದ ಸೀರೆಗಳನ್ನು ತಾವು ಯಾವಾಗಲೂ ಹಿತ್ತಿಲಿನಲ್ಲಿ, ದಾರಿಹೋಕರ ಕಣ್ಣಿಗೆ ಬೀಳದಂತೆ ಒಣಗಹಾಕುವರಂತೆ. ತಾಯೇ, ತಪ್ಪೆಣಿಸಬೇಡಿರಿ. ಶಾಲೆಯ ಹುಡುಗರು ನಗುವುದಕ್ಕೆ ಎಷ್ಟೋ ಮೊದಲೇ ನಿಮ್ಮ ಮಗನು ಆ ಹಗ್ಗವನ್ನು ನೋಡಿದ್ದಾನೆ. ಇದು ಮುಚ್ಚಿಡಬೇಕಾದ ಸಂಗತಿಯೆಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹೊರಗಿನವರ ಮಾತು ನಾಟುವುದು ಮನೆಯೊಳಗೆ ಮೊದಲೇ ಮೆತ್ತಗಾಗಿರುವ ಜಾಗದಲ್ಲಿ.

ಆದರೂ ಹುಡುಗನ ದುಃಖವೆಲ್ಲವೂ ಅವಮಾನದ್ದೇ ಎಂದು ತಿಳಿಯಲಾಗದು. ದೀಪಾವಳಿಯ ಬಳಿಕ ಹೊರಟ ಮೇಳವು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಯ ವಾರದಲ್ಲಿ, ಪತ್ತನಾಜೆಯ ಹೊತ್ತಿಗೆ. ಶಾಲೆಯ ವರ್ಷದ ಬಹುಭಾಗವು ಅಷ್ಟರಲ್ಲಿ ಕಳೆದಿರುತ್ತದೆ. ರಾತ್ರಿಯೆಲ್ಲ ಕುಣಿದು ಬೆಳಗಿನ ಬಸ್ಸಿಗೆ ಮನೆ ಸೇರಿದ ತಂದೆಯು, ಮಗನು ಚೀಲ ಹೆಗಲಿಗೇರಿಸುವಾಗ ಚಾಪೆಯ ಮೇಲೆ ಮಲಗಿರುತ್ತಾನೆ, ಕಣ್ಣಿನಂಚಿನಲ್ಲಿ ತೊಳೆದರೂ ಹೋಗದ ಕಾಡಿಗೆ. ಸಂಜೆ ಮಗನು ಹಿಂದಿರುಗುವಷ್ಟರಲ್ಲಿ ಮತ್ತೊಂದು ಊರಿಗೆ ಹೊರಟಾಗಿರುತ್ತದೆ. ಇಂಥ ಹುಡುಗನಿಗೆ ಕಲೆಯ ಹಿರಿಮೆಯ ಮೇಲೆ ಉಪನ್ಯಾಸ ಕೊಟ್ಟರೆ ಅವನಿಗೆ ಸಿಟ್ಟೇ ಬಂದೀತು. "ಅಪ್ಪ ಮನೆಯಲ್ಲಿಲ್ಲವೆಂದು ನಿನಗೆ ಬೇಸರವೆ?" ಎಂದು ಮೊದಲು ಕೇಳಿರಿ, ಅವನು ಮಾತನಾಡುವಾಗ ನಡುವೆ ಬಾಯಿ ಹಾಕಬೇಡಿರಿ. ಯಾರು, ಎಲ್ಲಿ, ಏನೆಂದು ಅಂದರೆಂಬುದು ಮೆಲ್ಲಮೆಲ್ಲನೆ ತಾನೇ ಹೊರಬರುವುದು. ಪತಿಯು ನೊಂದುಕೊಳ್ಳುವನೆಂದು ಇದನ್ನು ಅವನಿಂದ ಮುಚ್ಚಿಡುವ ತಾಯಂದಿರು ಬಹಳ, ಅದೂ ಸರಿಯಲ್ಲ.

ಬಳಿಕ, ಸಮೀಪದಲ್ಲಿ ಆಟವಿರುವ ಒಂದು ಶನಿವಾರ, ಹುಡುಗನನ್ನು ಚೌಕಿಗೆ ಕಳುಹಿಸಿರಿ. ರಂಗದ ಮುಂದೆ ಕುಳಿತು ನೋಡುವುದು ಬೇರೆ, ಚೌಕಿಯಲ್ಲಿ ಕುಳಿತು ನೋಡುವುದು ಬೇರೆ. ತಂದೆಯು ಕನ್ನಡಿಯ ಮುಂದೆ ಕಾಲು ಮಡಚಿ ಕುಳಿತು, ಬಣ್ಣವನ್ನು ಕಲಸಿ, ಉಸಿರು ಬಿಗಿಹಿಡಿದು ಹುಬ್ಬನ್ನು ತೀಡುವುದನ್ನೂ, ಹಿರಿಯ ಕಲಾವಿದರು ಅವನನ್ನು ಗೌರವದಿಂದ ಮಾತನಾಡಿಸುವುದನ್ನೂ, ಭಾಗವತರ ಪದಕ್ಕೆ ಬರೆದಿಟ್ಟುಕೊಳ್ಳದ ಅರ್ಥವನ್ನು ಅವನು ಆ ಕ್ಷಣದಲ್ಲಿ ಹೇಳುವುದನ್ನೂ ಮಗನು ಕಾಣಲಿ. ಇದು ಸೀರೆ ಉಡುವ ಕೆಲಸವಲ್ಲ, ವರ್ಷಗಟ್ಟಲೆ ಕಲಿತ ವಿದ್ಯೆಯೆಂದು ಆಗ ಹೇಳಬೇಕಾಗಿಯೇ ಇಲ್ಲ. ಸ್ತ್ರೀವೇಷದಿಂದಲೇ ತೆಂಕುತಿಟ್ಟಿನಲ್ಲಿ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರ ಕಥೆಯನ್ನೂ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ದೊರೆತುದನ್ನೂ, ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನೂ ಆಮೇಲೆ ಹೇಳಬಹುದು.

ಅಣಕಿಸುವವರಿಗೆ ಏನೆಂದು ಉತ್ತರ ಕೊಡುವುದು? ಒಂದೇ ವಾಕ್ಯ ಸಾಕು: "ಹೌದು, ನನ್ನಪ್ಪ ಸ್ತ್ರೀವೇಷ ಮಾಡುತ್ತಾರೆ, ಮುಂದಿನ ಆಟಕ್ಕೆ ನೀನೂ ಬಾ." ಇದನ್ನು ಮನೆಯಲ್ಲಿ ನಗುನಗುತ್ತ ನಾಲ್ಕು ಸಲ ಹೇಳಿಸಿರಿ. ಅಳುವನ್ನು ನಿರೀಕ್ಷಿಸಿದವನಿಗೆ ಆಮಂತ್ರಣ ದೊರೆತರೆ ಅವನ ಆಟ ಅರ್ಧ ಕೆಡುವುದು. ಆದರೆ ಗುಂಪುಗೂಡಿ ಕಾಡುವುದು, ತಳ್ಳುವುದು, ಚೀಲ ಕಸಿಯುವುದು ನಡೆದಿದ್ದರೆ ಮಾತಿನ ಜಾಣತನವನ್ನು ಹುಡುಗನ ಮೇಲೆ ಹೊರಿಸುವುದು ಅನ್ಯಾಯ. ಅಲ್ಲಿಗೆ ಹೋಗಬೇಕಾದವರು ಹಿರಿಯರು. ನಡೆದುದನ್ನು ದಿನಾಂಕದೊಡನೆ ಬರೆದುಕೊಂಡು ತರಗತಿಯ ಉಪಾಧ್ಯಾಯರನ್ನು ಏಕಾಂತದಲ್ಲಿ ಕಾಣಿರಿ. ಉಪಾಧ್ಯಾಯರೇ ಹಾಜರಿ ಕರೆಯುವಾಗ ಮುಗುಳುನಕ್ಕರೆಂದು ಪತ್ರದಲ್ಲಿದೆ. ಹಾಗಿದ್ದರೆ ಮುಖ್ಯೋಪಾಧ್ಯಾಯರಲ್ಲಿಗೂ, ಸರಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗೂ ಹೋಗಬೇಕು. ಮಗುವಿಗೆ ಮಾನಸಿಕ ಕಿರುಕುಳ ಕೊಡಲಾಗದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಸ್ಪಷ್ಟವಾಗಿ ಹೇಳುವುದು. ಯಾರೂ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ತಂದೆಯನ್ನು ಶಾಲೆಗೆ ಕರೆಸಿ ವೇಷ ಕಟ್ಟಿಸುವ ಯೋಚನೆಯೂ ಕೆಲವರಿಗೆ ಹೊಳೆಯುವುದು. ಮಳೆಗಾಲದಲ್ಲಿ ಅವನಿಗೆ ಬಿಡುವಿರುವುದರಿಂದ ಅದು ಸಾಧ್ಯವೂ ಹೌದು. ಆದರೆ ಹುಡುಗನು ಒಪ್ಪದೆ ಅದನ್ನು ಮಾಡಕೂಡದು.

ಇನ್ನು, ಅಣಕಿಸುವ ಹುಡುಗರ ಮನೆಗಳೂ ಈ ಪತ್ರಿಕೆಯನ್ನು ತರಿಸುತ್ತಿರಬಹುದು. ಬಯಲಿನಲ್ಲಿ ದಮಯಂತಿಯ ಗೋಳಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನ ಜಗಲಿಯಲ್ಲಿ ಕುಳಿತು ಅದೇ ಮನುಷ್ಯನ ನಡಿಗೆಯನ್ನು ಅಣಕಿಸಿ ನಗುವವರು ನಾವೇ ಅಲ್ಲವೆ? ಮಗ್ಗುಲಲ್ಲಿ ತಿಂಡಿ ತಿನ್ನುತ್ತಿದ್ದ ಹುಡುಗನು ಅದನ್ನು ಶಾಲೆಗೆ ಕೊಂಡೊಯ್ದನು, ಅಷ್ಟೆ.

ಕಾಗದದ ವಿಷಯ ಉಳಿಯಿತು. ಸುಳ್ಳು ಬರೆದನೆಂದು ಮಗನನ್ನು ಗದರಿಸಬೇಡಿರಿ. ತಂದೆಯು ಮನೆಯಲ್ಲಿರುವ ಒಂದು ದಿನ ಬೇರೊಂದು ಕಾಗದವನ್ನು ತರಿಸಿ, ಆ ಜಾಗದಲ್ಲಿ "ಯಕ್ಷಗಾನ ಕಲಾವಿದ" ಎಂದು ತನ್ನ ಕೈಯಿಂದ ಬರೆದು ಸಹಿ ಹಾಕಲಿ. ಹುಡುಗನು ಪಕ್ಕದಲ್ಲಿ ಕುಳಿತಿದ್ದರೆ ಸಾಕು, ಮಾತೇನೂ ಬೇಡ. ಆ ದಿನ ಒಗೆದ ಸೀರೆಗಳಿದ್ದರೆ ಮುಂದಿನ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವುದೆಂದು ಕೇಳಿದ್ದೇವೆ.