ಆಯ್ಕೆಯ ಸುಸ್ತಿದಾರರು

ಕಳೆದ ತಿಂಗಳು ಒಂದು ಕವನ ಸಂಕಲನದ ಪಿಡಿಎಫ್ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಅದನ್ನು ಫೋಟೋ ತಿದ್ದುವ ತಂತ್ರಾಂಶದಲ್ಲಿ ತೆರೆದು, ಪುಟಗಳನ್ನು ಎಷ್ಟು ಪಿಕ್ಸೆಲ್ ಅಗಲದ ಚಿತ್ರಗಳಾಗಿ ಮಾಡಲಿ ಎಂದು ಕೇಳಿತು. ಸಾಹಿತ್ಯದ ಗೆಳೆಯರೊಬ್ಬರಿಗೆ ಹೇಳಿದರೆ ನಕ್ಕರು: ‘ನನ್ನದೂ ಹಾಗೇ. ರೈಟ್ ಕ್ಲಿಕ್ ಮಾಡಿ ಬೇರೆಯದರಲ್ಲಿ ತೆರೆದುಕೊಳ್ತೀನಿ. ನಮ್ಮಂಥವರಿಗೆ ಅದರ ಉಸಾಬರಿ ಯಾಕೆ?’ ನನ್ನ ತಕರಾರು ಈ ಕೊನೆಯ ಮಾತಿನ ಮೇಲೆ.

ಬ್ಯಾಂಕಿನವರ ಭಾಷೆಯಲ್ಲಿ ಡೀಫಾಲ್ಟರ್ ಅಂದರೆ ಸುಸ್ತಿದಾರ. ಕಟ್ಟಬೇಕಾದ್ದನ್ನು ಕಟ್ಟದೆ ಉಳಿದವನು. ಕಂಪ್ಯೂಟರಿನ ಡೀಫಾಲ್ಟ್ ಕೂಡ ಅದರಿಂದ ಬಹಳ ದೂರವಿಲ್ಲ. ನಾವು ಆರಿಸಬೇಕಾದ ಕಡೆ ಸುಮ್ಮನಿದ್ದರೆ, ನಮ್ಮ ಪರವಾಗಿ ಇನ್ನಾರೋ ಆರಿಸಿದ್ದೇ ಡೀಫಾಲ್ಟ್. ಲಿನಕ್ಸಿನಲ್ಲಿ ಪ್ರತಿ ತಂತ್ರಾಂಶವೂ ತಾನು ಯಾವ ಬಗೆಯ ಕಡತಗಳನ್ನು ತೆರೆಯಬಲ್ಲೆ ಎಂದು ತನ್ನ ‘ಡೆಸ್ಕ್‌ಟಾಪ್’ ಕಡತದಲ್ಲಿ ಬರೆದುಕೊಂಡಿರುತ್ತದೆ. ಯಾರೂ ಏನೂ ಹೇಳದಿದ್ದರೆ ವ್ಯವಸ್ಥೆ ಈ ಹಕ್ಕುದಾರರಲ್ಲಿ ಒಬ್ಬರನ್ನು ತಾನೇ ಗೊತ್ತುಮಾಡುತ್ತದೆ. ನನ್ನ ಕವನ ಸಂಕಲನ ಚಿತ್ರವಾಗಹೊರಟದ್ದು ಹೀಗೆ.

ಇದನ್ನು ಸರಿಪಡಿಸಲು ಬೇಕಾದದ್ದು ಎರಡು ಸಾಲು. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಅಪ್ಲಿಕೇಶನ್/ಪಿಡಿಎಫ್’ ಎಂದು ಕೇಳಿದರೆ, ಈಗ ಅಧಿಕಾರ ಯಾರ ಕೈಯಲ್ಲಿದೆ ಎಂದು ಅದು ಹೇಳುತ್ತದೆ. ‘ಕ್ವೆರಿ’ ತೆಗೆದು, ‘ಡೀಫಾಲ್ಟ್’ನ ಮುಂದೆ ನಮಗೆ ಬೇಕಾದ ತಂತ್ರಾಂಶದ ಡೆಸ್ಕ್‌ಟಾಪ್ ಕಡತದ ಹೆಸರು ಸೇರಿಸಿದರೆ ಅಧಿಕಾರ ಬದಲಾಗುತ್ತದೆ. ಈ ಆಯ್ಕೆ ನಮ್ಮ ಹೋಮ್ ಫೋಲ್ಡರಿನ ‘ಡಾಟ್ ಕಾನ್ಫಿಗ್’ ಒಳಗೆ ‘ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್’ ಎಂಬ ಸಾದಾ ಪಠ್ಯ ಕಡತದಲ್ಲಿ ಉಳಿಯುತ್ತದೆ. ಬೇಕೆಂದಾಗ ತೆರೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕಳಿಸಬಹುದು. ಪಠ್ಯವನ್ನೇ ನೆಚ್ಚಿಕೊಂಡ ನಮಗೆ ಇದು ಪರಕೀಯವೆನಿಸುವುದಾದರೂ ಹೇಗೆ?

ಮೌಸಿನಲ್ಲೇ ಆಗುವ ಕೆಲಸಕ್ಕೆ ಇಷ್ಟೆಲ್ಲ ಏಕೆ ಎನ್ನಬಹುದು. ಪಿಡಿಎಫ್ ಮಟ್ಟಿಗೆ ನಿಜ. ಆದರೆ ಕೆಲವು ಡೀಫಾಲ್ಟುಗಳು ಸೆಟ್ಟಿಂಗ್ಸ್ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಎಡಿಟರ್’ ಎಂಬ ಆದೇಶ ಕೊಟ್ಟರೆ ಯಾವ ಬರಹದ ತಂತ್ರಾಂಶ ತೆರೆಯಬೇಕು ಎಂಬುದನ್ನು ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ ನಿರ್ಧರಿಸುತ್ತದೆ. ಅಲ್ಲಿ ಪ್ರತಿಯೊಂದಕ್ಕೂ ಅಂಕ ಕೊಟ್ಟಿದ್ದಾರೆ: ನ್ಯಾನೋಗೆ 40, ವಿಮ್‌ಗೆ 30. ಯುನಿಕ್ಸಿನ ಆದಿಕಾಲದ ‘ಎಡ್’ಗೆ ಮೈನಸ್ 100! ನೀವು ವಿಮ್ ಅನ್ನು ಎಷ್ಟೇ ಪ್ರೀತಿಯಿಂದ ಹಾಕಿಕೊಂಡರೂ, ಸುಮ್ಮನಿದ್ದರೆ ಗೆಲ್ಲುವುದು ನ್ಯಾನೋ. ‘ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಎಡಿಟರ್’ ಎಂದು ಕೊಟ್ಟರೆ ಈ ಪಟ್ಟಿ ಕಣ್ಣಮುಂದೆ ಬರುತ್ತದೆ. ಒಂದನ್ನು ಆರಿಸಿದ ಕ್ಷಣ ಸ್ಥಿತಿ ‘ಆಟೋ’ದಿಂದ ‘ಮ್ಯಾನುವಲ್’ಗೆ ಹೋಗುತ್ತದೆ. ಆಮೇಲೆ ಎಷ್ಟೇ ಅಂಕದ ಹೊಸ ತಂತ್ರಾಂಶ ಬಂದರೂ ವ್ಯವಸ್ಥೆ ನಿಮ್ಮ ಮಾತನ್ನು ಮೀರುವುದಿಲ್ಲ. ನಾವು ಬಾಯಿಬಿಟ್ಟು ಹೇಳಿದ ಮೇಲೆ ಇಷ್ಟು ಮರ್ಯಾದೆ ಕೊಡುವವರು ಮನುಷ್ಯರಲ್ಲೂ ಕಡಿಮೆ.

ಎಲ್ಲವೂ ಸಲೀಸು ಎಂದು ನಾನು ಸುಳ್ಳು ಹೇಳುವುದಿಲ್ಲ. ಡೀಫಾಲ್ಟುಗಳು ಒಂದೇ ಕಡೆ ಇಲ್ಲ. ‘ಎಡಿಟರ್’ ಎಂಬ ಹೆಸರಿನದೇ ಪರಿಸರ ಚರವೊಂದು ಬೇರೆ ಇದೆ. ಗಿಟ್‌ನಂಥವು ಅದನ್ನು ನೋಡಿಕೊಂಡೇ ನಡೆಯುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ಸುಡೋ ಅಧಿಕಾರವಿಲ್ಲದ ವಿದ್ಯಾರ್ಥಿಗೆ ಉಳಿಯುವ ದಾರಿಯೂ ಅದೇ: ತನ್ನ ‘ಬ್ಯಾಶ್‌ಆರ್‌ಸಿ’ ಕಡತದಲ್ಲಿ ‘ಎಕ್ಸ್‌ಪೋರ್ಟ್ ಎಡಿಟರ್=ವಿಮ್’ ಎಂದು ಒಂದು ಸಾಲು ಬರೆದುಕೊಳ್ಳುವುದು. ಆದೇಶಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬ ದೂರೂ ನ್ಯಾಯವಾದದ್ದೇ. ಆದರೆ ಅದಕ್ಕೆ ಮದ್ದು ಅವುಗಳನ್ನು ಕನ್ನಡದಲ್ಲಿ ವಿವರಿಸುವುದು. ‘ನಮ್ಮಂಥವರಿಗಲ್ಲ’ ಎಂದು ಕೈತೊಳೆದುಕೊಂಡರೆ ಆ ವಿವರಣೆ ಬರೆಯುವವರಾದರೂ ಯಾರು?

ಪಠ್ಯಪುಸ್ತಕದಲ್ಲಿ ಯಾವ ಪಾಠ ಇರಬೇಕು, ಯಾವುದು ಇರಬಾರದು ಎಂದು ಊಟ ಬಿಟ್ಟು ಜಗಳಾಡುವವರು ನಾವು. ನಾವು ಓದುವುದನ್ನು ಯಾರೋ ನಿರ್ಧರಿಸಿದರೆ ರೇಗುತ್ತೇವೆ. ಯಾವುದರಲ್ಲಿ ಓದಬೇಕು, ಯಾವುದರಲ್ಲಿ ಬರೆಯಬೇಕು ಎಂಬುದನ್ನು ಮಾತ್ರ ಬಂದವರಿಗೆ ಬಿಟ್ಟುಕೊಡುತ್ತೇವೆ. ನ್ಯಾನೋ ಇಷ್ಟವಾದರೆ ನ್ಯಾನೋವನ್ನೇ ಇಟ್ಟುಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ, ಅದರ ಅಂಕಿಯನ್ನು ನೀವೇ ಒತ್ತಿ ಇಟ್ಟುಕೊಳ್ಳಿ.

ಗೆಳೆಯರಿಗೆ ಆ ಎರಡು ಸಾಲನ್ನೂ ಕಳಿಸಿದ್ದೇನೆ. ‘ಪುರುಸೊತ್ತಾದಾಗ ನೋಡ್ತೀನಿ’ ಎಂದಿದ್ದಾರೆ. ದಿನವೂ ರೈಟ್ ಕ್ಲಿಕ್ ಮಾಡಲು ಮಾತ್ರ ಅವರಿಗೆ ಪುರುಸೊತ್ತಿದೆ.