ಉಪ್ಪು ತಿಂದ ಪೆಟ್ಟಿಗೆಗೆ ಎಷ್ಟು ಆಯುಷ್ಯ?

ಕಳೆದ ವಾರ ಮಲ್ಪೆ–ಉಡುಪಿ ಬಸ್ಸಿನಲ್ಲಿ ಒಬ್ಬರು ಬೈರಾಸಿನಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಹಿಡಿದುಕೊಂಡ ಜಾಗ್ರತೆ ನೋಡಿದರೆ ಒಳಗೆ ಎಳೆಮಗು ಉಂಟೋ ಎಂಬ ಹಾಗೆ.

“ಅದೆಂತದು, ಟಿ.ವಿ.ಯಾ?” ಎಂದು ಕಂಡಕ್ಟರ್ ಕೇಳಿದ.

“ಅಲ್ಲ ಮಾರಾಯ, ಬೋಟಿನ ಫಿಶ್ ಫೈಂಡರ್. ಸತ್ತಿದೆ. ಬರೇ ಮೂರು ವರ್ಷ ಆದದ್ದು.”

ಹಿಂದಿನ ಸೀಟಿನಲ್ಲಿದ್ದ ಅಜ್ಜ ಒಬ್ಬರು ಸುಮ್ಮನಿರಲಿಲ್ಲ. “ನಮ್ಮ ಬೋಟಿನದ್ದು ಹದಿನಾಲ್ಕು ವರ್ಷ. ಈಗಲೂ ನೆಲ ತೋರಿಸ್ತದೆ” ಎಂದರು. ವಿಚಾರಿಸಿದರೆ ಎರಡೂ ಒಂದೇ ಕಂಪೆನಿಯ ಮಾಲು, ಎರಡೂ ಹೋದದ್ದು ಒಂದೇ ಕಡಲಿಗೆ. ಒಂದು ಮೂರಕ್ಕೇ ಮಲಗಿತು, ಇನ್ನೊಂದು ಹದಿನಾಲ್ಕಾದರೂ ನಡೆಯುತ್ತಿದೆ. ಇದೇನು ಹಣೆಬರಹವೇ?

ಬಸ್ಸು ಇಳಿದ ಮೇಲೂ ಈ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಮರುದಿನ ಇಂತಹ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಕ್ಕೆ ಹೋಗಿ ಅರ್ಧ ದಿನ ಕುಳಿತೆ. ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ. ‘ಬೋಟಿನವರ ವಿಷಯ ನಮಗೆ ಯಾಕೆ’ ಎನ್ನುವ ಅಂಗಡಿ ಸಾಹುಕಾರರೂ ಸ್ವಲ್ಪ ಓದಬೇಕು. ಮಧ್ಯಾಹ್ನದ ಊಟಕ್ಕೆ ಬಂಗುಡೆ ಬೇಕೆನ್ನುವವರಿಗೆಲ್ಲ ಇದು ಸಂಬಂಧಪಟ್ಟದ್ದೇ.

ಮೊದಲು ಈ ಪೆಟ್ಟಿಗೆ ಮಾಡುವ ಕೆಲಸವೇನು ನೋಡಿ. ಪಿ.ಯು.ಸಿ.ಯಲ್ಲಿ ಫಿಸಿಕ್ಸ್ ತಲೆಗೆ ಹತ್ತದೆ ಕಾಲೇಜು ಬಿಟ್ಟವನು ನಾನು. ಆದರೆ ಈ ಪಾಠ ಮಾತ್ರ ಅರ್ಥವಾಯಿತು. ಬೋಟಿನ ಅಡಿಯಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ಇರುತ್ತದೆ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಬಿಡುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 60 ಮೀಟರ್ ಆಳದ ನೆಲಕ್ಕೆ ಬಡಿದು ವಾಪಸು ಬರಲು ಸೆಕೆಂಡಿನ ಹತ್ತನೇ ಒಂದು ಪಾಲೂ ಬೇಡ. ನಡುವೆ ಮೀನಿನ ಹಿಂಡು ಇದ್ದರೆ ಅದಕ್ಕೂ ತಾಗಿ ಮರುದನಿ ಬರುತ್ತದೆ. ಅದನ್ನೇ ಪೆಟ್ಟಿಗೆ ಚಿತ್ರ ಮಾಡಿ ತೋರಿಸುತ್ತದೆ. ಮೀನುಗಾರರಿಗಾಗಿ ಇಂತಹ ಯಂತ್ರವನ್ನು 1948ರಲ್ಲಿ ಮೊದಲು ಬಳಕೆಗೆ ತಂದವರು ಜಪಾನಿನ ನಾಗಸಾಕಿ ಸೀಮೆಯ ಫುರುನೊ ಸಹೋದರರು. ಅದಕ್ಕೆ ಮೊದಲು ತಾಂಡೇಲನ ಕಣ್ಣು, ನೀರಿನ ಬಣ್ಣ, ಹಕ್ಕಿಗಳ ಹಾರಾಟ ಇವೇ ಫೈಂಡರ್.

ಈಗ ಮಲ್ಪೆಯ ಆಳಸಮುದ್ರ ಬೋಟಿನ ಕ್ಯಾಬಿನಿಗೆ ಹತ್ತಿ ನೋಡಿ. ಫೈಂಡರ್, ಜಿ.ಪಿ.ಎಸ್., ವಯರ್‌ಲೆಸ್ಸು ಸಾಲಾಗಿ ಕುಳಿತಿರುತ್ತವೆ. ಸಾಲ ಮಾಡಿ ತಂದ ಬಂಡವಾಳ ಅದು. ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರೆ ದಕ್ಕೆಯಲ್ಲಿ ಒಬ್ಬ ಐದು ಎನ್ನುತ್ತಾನೆ, ಇನ್ನೊಬ್ಬ ಹತ್ತು ಎನ್ನುತ್ತಾನೆ.

ರಿಪೇರಿ ಅಂಗಡಿಯವರಿಗೆ ನಾನು ಇದೇ ಪ್ರಶ್ನೆ ಹಾಕಿದೆ. ಅವರು ಮಾತಾಡಲಿಲ್ಲ. ಬೆಂಚಿನ ಮೇಲಿದ್ದ ಒಂದು ವಯರನ್ನು ತೆಗೆದು, ಮೇಲಿನ ಪ್ಲಾಸ್ಟಿಕ್ ಸುಲಿದು ತೋರಿಸಿದರು. ಒಳಗಿನ ತಾಮ್ರ ಹಸುರು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗಿ ಉದುರಿತು.

“ಪೇಪರಿನವರೇ, ಪೆಟ್ಟಿಗೆ ಸಾಯುವುದು ಕಡಿಮೆ. ಸಾಯುವುದು ಇದು” ಎಂದರು.

ಮನೆಯ ಫ್ಯಾನಿಗೆ ಹಾಕುವ ಮಾಮೂಲು ವಯರನ್ನೇ ಬೋಟಿಗೂ ಎಳೆಯುತ್ತಾರೆ. ಜೋಡಣೆ ಬಂದಲ್ಲಿ ತಿರುಚಿ ಕರಿ ಟೇಪು ಸುತ್ತುತ್ತಾರೆ. ಉಪ್ಪುಗಾಳಿ ಆ ಟೇಪಿನ ಸಂದಿನಲ್ಲಿ ನುಗ್ಗಿ ತಾಮ್ರವನ್ನು ತಿನ್ನುತ್ತದೆ. ಬೋಟಿಗೆ ಬೇಕಾದದ್ದು ತವರದ ಲೇಪ ಇರುವ ತಾಮ್ರದ ವಯರು. ನಮ್ಮ ಅಜ್ಜಿಯಂದಿರು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿರಲಿಲ್ಲವೇ? ಅದೇ ವಿದ್ಯೆ. ಅಜ್ಜಿಗೆ ಗೊತ್ತಿದ್ದದ್ದು ಬೋಟಿನ ಮಾಲಕರಿಗೆ ಮರೆತುಹೋಗಿದೆ. ಲಕ್ಷದ ಸಾಮಾನು ತಂದು ಕೆಲವು ನೂರು ರೂಪಾಯಿಯ ವಯರಿನಲ್ಲಿ ಲಾಭ ನೋಡುವ ವ್ಯಾಪಾರ ಇದು! ಅಂಗಡಿ ನಡೆಸುವ ನೀವೇ ಹೇಳಿ, ಇದನ್ನು ಉಳಿತಾಯ ಎನ್ನುತ್ತಾರೆಯೇ?

ಎರಡನೆಯದು ಕರೆಂಟಿನ ಏರಿಳಿತ. ಇಂಜಿನು ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕುಸಿಯುತ್ತದೆ. ಆಲ್ಟರ್ನೇಟರ್ ಸರಿಯಿಲ್ಲದಿದ್ದರೆ ಒಮ್ಮೆಗೇ ಏರುತ್ತದೆ. ಎಲ್ಲ ಸ್ವಿಚ್ಚುಗಳನ್ನೂ ಹಾಕಿಟ್ಟು ಇಂಜಿನು ಚಾಲೂ ಮಾಡುವ ಅಭ್ಯಾಸ ಬಹಳ ಬೋಟುಗಳಲ್ಲಿ ಉಂಟು. ಫ್ಯೂಸ್ ಹೋದರೆ ತಂತಿ ಕಟ್ಟಿ ಮುಂದೆ ಹೋಗುವವರೂ ಇದ್ದಾರೆ. ಸಾಯಬೇಕಾದ ಫ್ಯೂಸ್ ಸಾಯದಿದ್ದರೆ ಅದರ ಬದಲು ಪೆಟ್ಟಿಗೆ ಸಾಯುತ್ತದೆ.

ಮೂರನೆಯದು ಬಿಸಿ. ಬಿಸಿಲು ನೇರ ಬೀಳುವ ಕಡೆ, ಗಾಳಿ ಆಡದ ಮೂಲೆಯಲ್ಲಿ ಪೆಟ್ಟಿಗೆ ಕೂರಿಸಿದರೆ ಪರದೆ ಕಪ್ಪಾಗುತ್ತದೆ. ಒಳಗಿನ ಕೆಪಾಸಿಟರುಗಳು ಒಣಗುತ್ತವೆ. ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಲೆಕ್ಕ.

ನಾಲ್ಕನೆಯದು ಬೋಟಿನ ಅಡಿಯ ಬಿಲ್ಲೆ. ಅದರ ಮೇಲೆ ಕಲ್ಲಿನಂತಹ ಚಿಪ್ಪು ಬೆಳೆದರೆ ಶಬ್ದ ಹೊರಗೆ ಹೋಗುವುದಿಲ್ಲ, ಮರುದನಿ ಒಳಗೆ ಬರುವುದಿಲ್ಲ. ಆಗ ತಾಂಡೇಲರು ಏನು ಮಾಡುತ್ತಾರೆ? ಗುಂಡಿ ತಿರುಗಿಸಿ ಶಕ್ತಿ ಏರಿಸುತ್ತಾರೆ. ಪರದೆ ತುಂಬ ಚುಕ್ಕೆ! ಮೀನೋ, ಬರೇ ಗದ್ದಲವೋ ಗೊತ್ತಾಗುವುದಿಲ್ಲ. ಬಲೆ ಬಿಡುತ್ತಾರೆ, ಖಾಲಿ ಎಳೆಯುತ್ತಾರೆ. ಡೀಸೆಲ್ ಹೊಗೆಯಾಗಿ ಹೋಗುತ್ತದೆ. ದಕ್ಕೆಗೆ ಮೀನು ಕಡಿಮೆ ಬಂದ ದಿನ ಏಲಂ ಎಲ್ಲಿಗೆ ಏರುತ್ತದೆ ಎಂದು ಬುಟ್ಟಿ ಹೊತ್ತು ಮಾರುವ ಹೆಂಗಸರನ್ನು ಕೇಳಿ. ಕೊನೆಗೆ ಅದನ್ನು ಕೊಡುವವರು ನಾವು ನೀವೇ. ಇನ್ನು ಕೆಲವರು ಬೋಟು ಮೇಲೆತ್ತಿದಾಗ ಆ ಬಿಲ್ಲೆಯನ್ನು ಉಳಿಯಲ್ಲಿ ಕೆರೆಯುತ್ತಾರೆ, ಥಿನ್ನರ್ ಹಾಕಿ ಉಜ್ಜುತ್ತಾರೆ. ರೋಗಕ್ಕಿಂತ ಮದ್ದೇ ಜೋರು.

ಎಲ್ಲ ಸರಿಯಿದ್ದೂ ಸತ್ತ ಪೆಟ್ಟಿಗೆಗಳೂ ಉಂಟು. ಜಿ.ಪಿ.ಎಸ್. ಉಪಗ್ರಹಗಳ ಹಳೆಯ ಪಂಚಾಂಗದಲ್ಲಿ ವಾರಗಳ ಎಣಿಕೆ 1,023ರವರೆಗೆ ಮಾತ್ರ. ಮತ್ತೆ ಸೊನ್ನೆಯಿಂದ ಶುರು. 2019ರ ಏಪ್ರಿಲ್ 7ರ ಬೆಳಗಿನ ಜಾವ ನಮ್ಮ ಗಡಿಯಾರದಲ್ಲಿ ಐದೂವರೆಗೆ ಈ ಎಣಿಕೆ ಸೊನ್ನೆಗೆ ಬಂತು. ಆಗ ಕೆಲವು ಹಳೆಯ ಸೆಟ್ಟುಗಳು ತಾರೀಕನ್ನು ಇಪ್ಪತ್ತು ವರ್ಷದಷ್ಟು ಹಿಂದಕ್ಕೆ ತೋರಿಸತೊಡಗಿದವು. ಮುಂದಿನ ಸರದಿ 2038ರ ನವೆಂಬರಿಗೆ. ಪೆಟ್ಟಿಗೆ ಗಟ್ಟಿಯಿದ್ದರೂ ಅದರೊಳಗಿನ ಲೆಕ್ಕಕ್ಕೆ ಮುಪ್ಪು ಬರುತ್ತದೆ. ಹಳೆಯ ಮಾಡೆಲಿನ ಬಿಡಿಭಾಗ ಕಂಪೆನಿಯಲ್ಲಿ ಮುಗಿದರೂ ಅಷ್ಟೇ. ಇದಕ್ಕೆ ಯಾವ ಆರೈಕೆಯೂ ಇಲ್ಲ, ಹೊಸದು ತರಬೇಕು. ಹದಿನಾಲ್ಕು ವರ್ಷದ ಪೆಟ್ಟಿಗೆಯ ಅಜ್ಜನೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ಶತ್ರು ಬೇರೆಯೇ. ಅದು ನಮ್ಮ ಮಳೆಗಾಲದ ಸೋಮಾರಿತನ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ಒಣಗಿಸಿ ಒಳಗಿಡುತ್ತಾರೆ, ಇಂಜಿನಿಗೆ ಎಣ್ಣೆ ಕಾಣಿಸುತ್ತಾರೆ, ಹಲಗೆಗೆ ಬಣ್ಣ ಬಳಿಯುತ್ತಾರೆ. ಒಳ್ಳೆಯದೇ. ಆದರೆ ಕ್ಯಾಬಿನಿನಲ್ಲಿರುವ ಪೆಟ್ಟಿಗೆ? ಆಷಾಢದ ಜಡಿಮಳೆಯಲ್ಲಿ ಎರಡು ತಿಂಗಳು ಅಲ್ಲೇ ಥಂಡಿಯಲ್ಲಿ ಕೊಳೆಯುತ್ತದೆ. ನಮ್ಮ ಮನೆಯ ಚಪ್ಪಲಿಗೇ ಬೂಸರು ಹಿಡಿಯುವ ಕಾಲ ಅದು. ಉಪ್ಪು ಮೆತ್ತಿದ ಪೆಟ್ಟಿಗೆಯ ಗತಿ ಏನಾದೀತು? ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ ಎಂದು ಉಪ್ಪಿನ ಭರಣಿ ಇರುವ ಪ್ರತಿ ಮನೆಯವರಿಗೂ ಗೊತ್ತು. ಆಗಸ್ಟ್ ಮೊದಲ ವಾರ ಸ್ವಿಚ್ ಹಾಕಿದಾಗ ಪೆಟ್ಟಿಗೆ ಕಣ್ಣು ಬಿಡುವುದಿಲ್ಲ. ರಿಪೇರಿ ಅಂಗಡಿಯ ಮುಂದೆ ಕ್ಯೂ. “ವರ್ಷದ ಅರ್ಧ ಕೆಲಸ ನನಗೆ ಆಗಸ್ಟಿನಲ್ಲೇ” ಎಂದರು ಅಂಗಡಿಯವರು.

ಬಸ್ಸಿನ ಅಜ್ಜ ಮಾಡುತ್ತಿದ್ದದ್ದು ಇಷ್ಟೇ. ಮೇ ಕೊನೆಗೆ ಪೆಟ್ಟಿಗೆ ಬಿಚ್ಚಿ ಮನೆಗೆ ತರುವುದು. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಉಪ್ಪು ಒರೆಸುವುದು. ಅಡುಗೆಮನೆಯ ಒಲೆಯ ಹತ್ತಿರವೂ ಅಲ್ಲ, ಒದ್ದೆ ಗೋಡೆಯ ಹತ್ತಿರವೂ ಅಲ್ಲ, ಕಪಾಟಿನಲ್ಲಿ ಇಡುವುದು. ವಯರಿನ ತುದಿಗಳಿಗೆ ಗ್ರೀಸು ಹಚ್ಚಿ ಮುಚ್ಚುವುದು. ಜುಲೈ ಕೊನೆಗೆ ಜೋಡಿಸಿ, ಬೋಟು ನೀರಿನಲ್ಲಿರುವಾಗಲೇ ಪರೀಕ್ಷೆ ಮಾಡುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಕಳ್ಳರಿಗೆ ಮಾತ್ರ ಹೇಳುತ್ತೇವೆ. ಉಪ್ಪು ತಿಂದ ಪೆಟ್ಟಿಗೆಗೂ ಸ್ವಲ್ಪ ಸಿಹಿನೀರು ಕಾಣಿಸಿ ಸ್ವಾಮಿ! ಮೂರು ವರ್ಷಕ್ಕೂ ಹದಿನಾಲ್ಕಕ್ಕೂ ಇರುವ ಅಂತರದ ಹೆಚ್ಚಿನ ಪಾಲು ಇದೇ.

ಇದು ಬರೇ ದುಡ್ಡಿನ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಫೈಂಡರ್ ಕೆಟ್ಟರೆ ಮೀನು ತಪ್ಪೀತು, ಅಷ್ಟೇ. ಅದರ ಪಕ್ಕದಲ್ಲೇ ಕುಳಿತ ವಯರ್‌ಲೆಸ್ಸು ಕೆಟ್ಟರೆ? ಎರಡಕ್ಕೂ ಅದೇ ಬ್ಯಾಟರಿ, ಅದೇ ಹಸುರು ಹಿಡಿದ ವಯರು. ಗಾಳಿ ಎದ್ದ ರಾತ್ರಿ 16ನೇ ಚಾನೆಲ್‌ನಲ್ಲಿ ಕೂಗಿದರೆ ಕೇಳುವವರಿಗೆ ಕೇಳಬೇಡವೇ?

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾದದ್ದನ್ನು ಈ ಊರು ಮರೆತಿಲ್ಲ. ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ಬೋಟಿನ ಯಂತ್ರ ಕೆಟ್ಟಿತ್ತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ತಪ್ಪು. ಕಡಲಿನಲ್ಲಿ ಒಂದು ಬೋಟನ್ನು ಹುಡುಕುವುದು ಎಷ್ಟು ಕಷ್ಟ ಎಂದು ಆ ನಾಲ್ಕೂವರೆ ತಿಂಗಳು ನಮಗೆ ಕಲಿಸಿತು ಎಂದಷ್ಟೇ ಹೇಳುತ್ತೇನೆ. ಏಳು ಮನೆಯವರು ದಿನವೂ ದಕ್ಕೆಯ ಕಡೆ ನೋಡುತ್ತಿದ್ದ ಕಾಲ ಅದು.

ಅಪಾಯದಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುವ ಡಿ.ಎ.ಟಿ. ಎಂಬ ಪೆಟ್ಟಿಗೆಯನ್ನು ನಮ್ಮ ಇಸ್ರೋದವರೇ ರೂಪಿಸಿದ್ದಾರೆ. ಸುದ್ದಿ ತಲಪಿತು ಎಂದು ಬೋಟಿಗೆ ಮರುಉತ್ತರ ಕೊಡುವ ಅದರ ಹೊಸ ಮಾದರಿ 2024ರಲ್ಲಿ ಬಂದಿದೆ. ಸಂತೋಷದ ವಿಷಯ. ಆದರೆ ಇಂತಹ ಪೆಟ್ಟಿಗೆಯೂ ಬ್ಯಾಟರಿಯನ್ನು ನಂಬಿದ್ದು. ಬ್ಯಾಟರಿಗೆ ಅವಧಿ ಉಂಟು. ಮೆಡಿಕಲ್ ಅಂಗಡಿಯ ಮದ್ದಿನ ಸೀಸೆಯ ತಾರೀಕು ನೋಡುವ ನಾವು, ಜೀವ ಉಳಿಸುವ ಬ್ಯಾಟರಿಯ ತಾರೀಕು ನೋಡುತ್ತೇವೆಯೇ? ಮೂಲೆಯಲ್ಲಿ ತೂಗುಹಾಕಿದ ಪೆಟ್ಟಿಗೆ ದೇವರ ಪಟವಲ್ಲ, ಕೈಮುಗಿದರೆ ಸಾಲದು.

ನಾವು ದಿನಾ ಹತ್ತುವ ಬಸ್ಸಿಗೆ ನಿಗದಿತ ಅವಧಿಗೊಮ್ಮೆ ಎಫ್.ಸಿ. ಆಗಬೇಕು. ಬ್ರೇಕು, ದೀಪ, ಹಾರನ್ನು ನೋಡದೆ ರಸ್ತೆಗೆ ಬಿಡುವಂತಿಲ್ಲ. ಬಸ್ಸು ಕೆಟ್ಟರೆ ಇಳಿದು ನಡೆದಾದರೂ ಹೋಗಬಹುದು. ಕಡಲಿನಲ್ಲಿ ಇಳಿದು ಹೋಗುವುದೆಲ್ಲಿಗೆ? ಅದಕ್ಕೇ ಮೀನುಗಾರಿಕಾ ಇಲಾಖೆಗೆ, ಮೀನುಗಾರರ ಸಂಘಗಳಿಗೆ ಈ ಅಂಕಣದ ಬೇಡಿಕೆ ಎರಡೇ. ಒಂದು, ಪ್ರತಿ ಜುಲೈ ಕೊನೆಯ ವಾರ ದಕ್ಕೆಯಲ್ಲೇ ಮೇಜು ಹಾಕಿ ಪ್ರತಿ ಬೋಟಿನ ವಯರ್‌ಲೆಸ್ಸು, ಬ್ಯಾಟರಿ ತಾರೀಕು, ವಯರಿಂಗ್ ಪರೀಕ್ಷೆ ಮಾಡಿ. ದಂಡಕ್ಕಾಗಿ ಬೇಡ, ತಪ್ಪು ತೋರಿಸಿ ಸರಿಮಾಡಿಸಿಕೊಳ್ಳಲು ದಿನ ಕೊಡಿ. ಎರಡು, ನಮ್ಮ ಐ.ಟಿ.ಐ. ಹುಡುಗರಿಗೆ ಈ ಪೆಟ್ಟಿಗೆಗಳ ಕೆಲಸ ಕಲಿಸಿ. ಮಲ್ಪೆಯ ಉಪ್ಪು ಏನು ಮಾಡುತ್ತದೆ ಎಂಬುದು ಮಲ್ಪೆಯ ಹುಡುಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೋಟಿನ ಮಾಲಕರಿಗೆ ಒಂದು ಮಾತು. ಮೇ ಮುಗಿಯುತ್ತಾ ಬಂತು. ಬಲೆಯ ಜೊತೆಗೆ ಪೆಟ್ಟಿಗೆಯನ್ನೂ ಮನೆಗೆ ತನ್ನಿ. ನಿಮ್ಮ ಕಲಾಸಿಗಳ ಹೆಂಡತಿ ಮಕ್ಕಳು ನಂಬಿ ಕುಳಿತಿರುವುದು ಆ ಹಸುರು ಹಿಡಿದ ತಾಮ್ರದ ಎಳೆಯನ್ನು.

ಅಂದಹಾಗೆ ಬಸ್ಸಿನಲ್ಲಿ ಬಂದವರ ಫೈಂಡರ್ ಅದೇ ಅಂಗಡಿಯಲ್ಲಿ ಮರುದಿನ ಬಾಯಿ ಬಿಟ್ಟಿತು. ಒಳಗೆ ಏನೂ ಹೋಗಿರಲಿಲ್ಲ. ಪಿನ್ನಿಗೆ ಉಪ್ಪು ಹಿಡಿದಿತ್ತು, ವಯರು ಬದಲಾಯಿತು, ಅಷ್ಟೇ. ಸತ್ತದ್ದೆಂದು ತಂದದ್ದು ಸತ್ತಿರಲಿಲ್ಲ. ದಡದಲ್ಲಿ ಕೆಟ್ಟದ್ದರಿಂದ ಬಚಾವು. ಸಂಬಂಧಪಟ್ಟವರು ಆಗಸ್ಟಿಗೆ ಮೊದಲು ಕಿವಿಗೊಡುವರೇ?