ಹೋಳಿ ಬಾಡಿಗೆ ಹಬ್ಬವಲ್ಲ, ಕಾಮಣ್ಣ ನಮ್ಮ ಮನೆಯವನು!

ಫಾಲ್ಗುಣದ ಹುಣ್ಣಿಮೆ ಬಂತೆಂದರೆ ಬೆಂಗಳೂರಿನ ಕನ್ನಡದ ಹುಡುಗರಲ್ಲಿ ಎರಡು ಗುಂಪು ಕಾಣುತ್ತವೆ. ಒಂದು ಗುಂಪು ಟಿಕೆಟ್ ಕೊಂಡು ರೆಸಾರ್ಟಿನ ರೇನ್ ಡ್ಯಾನ್ಸಿಗೆ ಹೋಗುತ್ತದೆ. ಡಿಜೆಯವನು ಹಾಕಿದ ಹಿಂದಿ ಹಾಡಿಗೆ ಕುಣಿದು, ಮೈತುಂಬ ಬಣ್ಣ ಬಳಿದುಕೊಂಡು ‘ಹ್ಯಾಪಿ ಹೋಳಿ’ ಎಂದು ಫೋಟೋ ಹಾಕುತ್ತದೆ. ಇನ್ನೊಂದು ಗುಂಪು ಅದನ್ನು ನೋಡಿ ಹಲ್ಲು ಕಡಿಯುತ್ತದೆ. ‘ಹೋಳಿ ಉತ್ತರದವರ ಹಬ್ಬ, ಹಿಂದಿಯ ಬೆನ್ನೇರಿ ಬಂದದ್ದು, ಕನ್ನಡಿಗರಿಗೆ ಬೇಡ’ ಎನ್ನುತ್ತದೆ. ಮೊದಲ ಗುಂಪನ್ನು ಕಂಡರೆ ನನಗೆ ಮರುಕ. ಎರಡನೆಯದನ್ನು ಕಂಡರೆ ಸಿಟ್ಟು. ಅಭಿಮಾನದ ಹೆಸರಿನಲ್ಲಿ ಇವರು ನಮ್ಮ ಮನೆಯ ಆಸ್ತಿಯನ್ನೇ ಪಕ್ಕದವರ ಹೆಸರಿಗೆ ಬರೆದುಕೊಡುತ್ತಿದ್ದಾರೆ!

ಹೋಳಿ ನಮ್ಮದಲ್ಲ ಎಂದು ನಿಮಗೆ ಹೇಳಿದವರು ಯಾರು? ಜಮಖಂಡಿ ತಾಲೂಕಿನ ನಮ್ಮ ಸಾವಳಗಿ ಕಡೆಗೆ ಒಮ್ಮೆ ಬನ್ನಿ. ಶಿವರಾತ್ರಿ ಮುಗಿದರೆ ಸಾಕು, ಓಣಿ ಓಣಿಯಲ್ಲಿ ಹಲಗಿಯ ಸಪ್ಪಳ ಏಳುತ್ತದೆ. ಬಿಳಿಜೋಳದ ರಾಶಿ ಮುಗಿದಿರುತ್ತದೆ, ಕಡಲೆ ಮನೆ ಸೇರಿರುತ್ತದೆ, ದುಡಿದ ಕೈಗೆ ನಾಲ್ಕು ದಿನ ಬಿಡುವು. ಹುಡುಗರು ರಾತ್ರಿ ಹೊತ್ತು ಕುಳ್ಳು, ಕಟ್ಟಿಗೆ ಕದಿಯಲು ಹೊರಡುತ್ತಾರೆ. ಕಳೆದುಕೊಂಡವನು ಬೈಯುತ್ತಾನೆಯೇ ಹೊರತು ಪೊಲೀಸ್ ಠಾಣೆಗೆ ಹೋಗುವುದಿಲ್ಲ. ತಾನೂ ಹುಡುಗನಾಗಿದ್ದಾಗ ಕದ್ದವನೇ! ಹುಣ್ಣಿಮೆಯ ದಿನ ಮನೆಮನೆಯಲ್ಲಿ ಹೋಳಿಗೆ. ರಾತ್ರಿ ಕಾಮಣ್ಣನನ್ನು ಕೂಡ್ರಿಸಿ ಹಾಡು. ಆಮೇಲೆ ಬೆಂಕಿ. ಉರಿ ಮೇಲೆದ್ದ ಕೂಡಲೇ ಸಣ್ಣವರು ದೊಡ್ಡವರು ಎನ್ನದೆ ಬಾಯಿಗೆ ಕೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಆ ಬೆಂಕಿಯಲ್ಲಿ ಕಡಲೆ ಸುಟ್ಟು ತಿನ್ನುತ್ತಾರೆ. ಕೆಂಡವನ್ನು ಮನೆಗೆ ಒಯ್ದು ಒಲೆ ಹೊತ್ತಿಸುತ್ತಾರೆ. ಬಣ್ಣ ಬರುವುದು ಇದೆಲ್ಲ ಆದ ಮೇಲೆ. ಬೆಂಗಳೂರಿನವರು ಕಂಡದ್ದು ಕೊನೆಯ ಬಣ್ಣವನ್ನು ಮಾತ್ರ.

ಪುಸ್ತಕದ ಸಾಕ್ಷಿ ಬೇಕೇ?

ಹದಿಮೂರನೇ ಶತಮಾನದಲ್ಲಿ ಆಂಡಯ್ಯನೆಂಬ ಜೈನ ಕವಿಯಿದ್ದ. ಸಂಸ್ಕೃತದ ಶಬ್ದಗಳನ್ನು ಇದ್ದ ಹಾಗೇ ತರುವುದಿಲ್ಲ, ಕನ್ನಡದ ಮಾತುಗಳಲ್ಲೇ, ಕನ್ನಡಕ್ಕೆ ಒಗ್ಗಿದ ಮಾತುಗಳಲ್ಲೇ ಕಾವ್ಯ ಬರೆಯುತ್ತೇನೆ ಎಂದು ಹಟ ತೊಟ್ಟವನು. ಇಂದು ಅಚ್ಚಗನ್ನಡದ ಮಾತು ಬಂದಲ್ಲೆಲ್ಲ ಅವನ ಹೆಸರು ಬರುತ್ತದೆ. ಅಂಥ ಹಟಮಾರಿ ಕನ್ನಡಿಗ ಆರಿಸಿಕೊಂಡ ನಾಯಕ ಯಾರು? ಕಾಮ! ಅವನ ‘ಕಬ್ಬಿಗರ ಕಾವ’ದಲ್ಲಿ ಕಾಮನು ಶಿವನ ಮೇಲೇ ಯುದ್ಧ ಮಾಡಿ ಗೆಲ್ಲುತ್ತಾನೆ. ಆ ಕಾವ್ಯಕ್ಕೆ ‘ಸೊಬಗಿನ ಸುಗ್ಗಿ’ ಎಂಬ ಇನ್ನೊಂದು ಹೆಸರೂ ಇದೆ. ಕಾಮ ಸುಟ್ಟುಹೋದ ಕಥೆ ಬೇಕಾದರೆ ಹಂಪೆಯ ಹರಿಹರನ ‘ಗಿರಿಜಾಕಲ್ಯಾಣ’ ತೆರೆಯಿರಿ. ಬಣ್ಣದ ಮಾತು ಬೇಕಾದರೆ ಇಟಲಿಯ ನಿಕೊಲೊ ಕೊಂಟಿಯನ್ನು ಕೇಳಿ. ಸುಮಾರು ೧೪೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಅವನು ಒಂದು ಹಬ್ಬದ ಸಂಗತಿ ಹೇಳಿದ್ದಾನೆ. ಮೂರು ದಿನ ದಾರಿಯ ಬದಿಯಲ್ಲಿ ಕೇಸರಿ ನೀರು ಇಟ್ಟಿರುತ್ತಾರೆ, ಹಾದುಹೋಗುವವರಿಗೆಲ್ಲ ಎರಚುತ್ತಾರೆ, ರಾಜ ರಾಣಿಯರನ್ನೂ ಬಿಡುವುದಿಲ್ಲ, ಎಲ್ಲರೂ ನಗುತ್ತಾರೆ ಎಂದು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ನೀರಾಟದ ಶಿಲ್ಪವನ್ನು ಇವತ್ತೂ ನೋಡಬಹುದು. ಆರುನೂರು ವರ್ಷದ ಹಿಂದೆ ಕನ್ನಡ ನಾಡಿನ ರಾಜಧಾನಿಯಲ್ಲಿ ಎರಚಿದ ಓಕುಳಿ ಯಾವ ಹಿಂದಿ ಸಿನಿಮಾದಿಂದ ಬಂತು ಹೇಳಿ ನೋಡೋಣ!

ಉತ್ತರದಲ್ಲಿ ಸುಡುವುದು ಹೋಲಿಕೆಯನ್ನು, ಪ್ರಹ್ಲಾದನನ್ನು ಬೆಂಕಿಗೆ ಒಯ್ದ ಸೋದರತ್ತೆಯನ್ನು. ನಾವು ಸುಡುವುದು ಕಾಮಣ್ಣನನ್ನು. ತಮಿಳುನಾಡಿನ ತಂಜಾವೂರು ಕಡೆಯಲ್ಲೂ ಕಾಮನ ಹಬ್ಬವಿದೆ. ಹುಣ್ಣಿಮೆ ಒಂದೇ ಆದರೂ ಕಥೆ ಬೇರೆ, ಹಾಡು ಬೇರೆ, ಅಳು ಬೇರೆ. ಅವರ ಹೋಳಿ ಅವರು ಆಡಲಿ, ನಮಗೆ ಜಗಳವಿಲ್ಲ. ನಮ್ಮದನ್ನು ಮರೆತು ಅವರದನ್ನು ದುಡ್ಡು ಕೊಟ್ಟು ಕೊಳ್ಳುವುದು ಯಾವ ಜಾಣತನ?

ಈ ಕಥೆಯಲ್ಲಿ ಇನ್ನೊಂದು ಸಂಗತಿ ನೋಡಿ. ತಾರಕಾಸುರನನ್ನು ಕೊಲ್ಲಲು ಶಿವನ ಮಗ ಬೇಕು. ಶಿವನೋ ತಪಸ್ಸಿನಲ್ಲಿದ್ದಾನೆ. ದೇವತೆಗಳು ಕಾಮನನ್ನು ಮುಂದೆ ಕಳಿಸಿದರು. ಅವನು ಹೂವಿನ ಬಾಣ ಬಿಟ್ಟ, ಶಿವ ಹಣೆಗಣ್ಣು ತೆರೆದ, ಕಾಮ ಬೂದಿಯಾದ. ಕಳಿಸಿದವರೆಲ್ಲ ಕ್ಷೇಮ, ಹೋದವನು ಸುಟ್ಟುಹೋದ! ಉಳಿದದ್ದು ರತಿಯ ಗೋಳು. ನಮ್ಮ ಊರುಗಳಲ್ಲಿ ಬಹಳ ಜನ ಶಿವಭಕ್ತರು, ಕೊರಳಲ್ಲಿ ಲಿಂಗ ಕಟ್ಟಿದವರು. ಆದರೂ ಶಿವ ಸುಟ್ಟವನಿಗಾಗಿ ಇಡೀ ಊರು ಬಾಯಿ ಬಡಿದುಕೊಂಡು ಅಳುತ್ತದೆ, ರತಿಯ ತವರುಮನೆಯವರ ಹಾಗೆ. ತನ್ನ ಕೈಯಿಂದಲೇ ಬೆಂಕಿ ಇಟ್ಟು, ತನ್ನ ಬಾಯಿಂದಲೇ ಅಳುವುದು! ಆಸೆಗೆ ಲಗಾಮು ಬೇಕು, ಆದರೆ ಆಸೆಯೇ ಇಲ್ಲದ ಲೋಕ ಸ್ಮಶಾನ. ಎರಡನ್ನೂ ಒಂದೇ ರಾತ್ರಿಯಲ್ಲಿ ಹೇಳಿದ ಹಬ್ಬ ಇದು. ನಮ್ಮ ಪಂಚಾಂಗದಲ್ಲಿ ಇದು ವರ್ಷದ ಕೊನೆಯ ಹುಣ್ಣಿಮೆ. ಮುಂದೆ ಹದಿನೈದು ದಿನಕ್ಕೆ ಯುಗಾದಿ. ಹಳೆಯ ಸಿಟ್ಟು, ಹಳೆಯ ಕಸ ಸುಟ್ಟು, ಅತ್ತು ಹಗುರಾಗಿ, ಬಣ್ಣದಲ್ಲಿ ನಕ್ಕು ಹೊಸ ವರ್ಷಕ್ಕೆ ಕಾಲಿಡುವ ಕ್ರಮ.

ಒಂದೊಂದು ಊರಿನಲ್ಲಿ ಇದರದು ಒಂದೊಂದು ಚೆಂದ. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರಲು ಜನ ಸಾಲುಗಟ್ಟುತ್ತಾರೆ. ರಾಣೆಬೆನ್ನೂರಿನಲ್ಲಿ ಜೀವಂತ ಮನುಷ್ಯರೇ ರತಿ ಕಾಮಣ್ಣರಾಗಿ ಕೂಡ್ರುತ್ತಾರೆ, ಅವರನ್ನು ನಗಿಸಿದವರಿಗೆ ಬಹುಮಾನ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬೇಡರ ವೇಷ. ನಮ್ಮ ಜಿಲ್ಲಾ ಊರು ಬಾಗಲಕೋಟೆಯಲ್ಲಂತೂ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳು ಪೈಪೋಟಿಗೆ ಬಿದ್ದು ಹಲಗಿ ಮೇಳ, ಸೋಗಿನ ಬಂಡಿ, ಬಣ್ಣದ ಬಂಡಿ ಹೊರಡಿಸುತ್ತವೆ. ಆಲಮಟ್ಟಿ ಹಿನ್ನೀರು ಊರಿನ ಒಂದು ಭಾಗವನ್ನೇ ನುಂಗಿತು, ಜನ ನವನಗರಕ್ಕೆ ಚದುರಿದರು, ಆದರೂ ಹಲಗಿ ನಿಲ್ಲಲಿಲ್ಲ. ‘ಕೋಲ್ಕತ್ತಾ ಬಿಟ್ಟರೆ ಬಾಗಲಕೋಟೆಯದೇ ದೊಡ್ಡ ಹೋಳಿ’ ಎಂದು ನಮ್ಮವರೇ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಹಬ್ಬವನ್ನು ಅಳೆಯಲು ಕೋಲ್ಕತ್ತಾದ ಕೋಲೇ ಬೇಕೇ?

ನಾನು ಅಚ್ಚಿನ ಮನೆಯವನು. ಹೋಳಿ ಬಂದರೆ ಹುಡುಗರು ವಂತಿಗೆಯ ಪಾವತಿ ಪುಸ್ತಕ, ಕರಪತ್ರ ಮಾಡಿಸಲು ಬರುತ್ತಾರೆ. ನಮ್ಮ ತಂದೆಯವರ ಟ್ರೆಡಲ್ ಮಷಿನ್ನಿನ ಕಾಲದ ಕರಪತ್ರಗಳಲ್ಲಿ ಸವಾಲ್ ಜವಾಬ್ ಹಾಡಿನ ಮೇಳಗಳ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿದ್ದವು. ಹರದೇಶಿಯವರು ಗಂಡು ಹೆಚ್ಚೆಂದು ಹಾಡುವರು, ನಾಗೇಶಿಯವರು ಹೆಣ್ಣು ಹೆಚ್ಚೆಂದು ತಿರುಗಿ ಹಾಡುವರು, ಬೆಳಗಾಗುವವರೆಗೆ ಕನ್ನಡದಲ್ಲೇ ವಾದ! ಈಗಿನ ಕರಪತ್ರದಲ್ಲಿ ಡಿಜೆಯ ಹೆಸರು ದಪ್ಪ, ಹಲಗಿ ಮೇಳದ ಹೆಸರು ಮೂಲೆಯಲ್ಲಿ ಸಣ್ಣ ಅಕ್ಷರ. ಅಕ್ಷರದ ಗಾತ್ರ ನೋಡಿದರೆ ಸಾಕು, ಊರಿನಲ್ಲಿ ಯಾರ ಮಾನ ಏರಿತು, ಯಾರದು ಇಳಿಯಿತು ಎಂಬುದು ತಿಳಿಯುತ್ತದೆ. ಆ ಹಾಡುಗಳಲ್ಲಿ ಬಹಳಷ್ಟು ಯಾವ ಪುಸ್ತಕದಲ್ಲೂ ಇಲ್ಲ, ಮುದುಕರ ತಲೆಯಲ್ಲಿವೆ. ಒಬ್ಬ ಮುದುಕ ಹೋದರೆ ಒಂದು ಪುಸ್ತಕ ಸುಟ್ಟ ಹಾಗೆ. ಆ ಬೆಂಕಿಗೆ ಬಾಯಿ ಬಡಿದುಕೊಂಡು ಅಳುವವರು ಯಾರು?

ಹಾಗೆಂದು ನಮ್ಮ ಕಡೆ ಎಲ್ಲವೂ ಚಿನ್ನ ಎಂದು ನಾನು ಹೇಳುವುದಿಲ್ಲ. ರಸ್ತೆಗೆ ಹಗ್ಗ ಕಟ್ಟಿ ಬಸ್ಸು, ಬೈಕು ತಡೆದು ದುಡ್ಡು ಕೀಳುವುದು ವಂತಿಗೆಯಲ್ಲ, ಸುಲಿಗೆ. ಒಲ್ಲೆ ಎಂದವರ ಮುಖಕ್ಕೆ ಆಯಿಲ್ ಪೇಂಟ್ ಬಳಿಯುವುದು, ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳ ಮೇಲೆ ಹೊಲಸು ಮಾತು ಎಸೆದು ‘ಹೋಳಿ ಐತ್ರೀ, ಸಿಟ್ಟಾಗಬ್ಯಾಡ್ರಿ’ ಎನ್ನುವುದು ಸಂಪ್ರದಾಯವಲ್ಲ, ಪುಂಡಾಟ. ಮಕ್ಕಳು ಪರೀಕ್ಷೆಗೆ ಓದುವ ಮಾರ್ಚ್ ತಿಂಗಳಲ್ಲಿ ನಡುರಾತ್ರಿಯವರೆಗೆ ಡಿಜೆ ಬಡಿಯುವುದು ಯಾವ ಶಾಸ್ತ್ರದಲ್ಲಿದೆ?

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಕಾಮಣ್ಣನಿಗೆ ಇಡುವ ಬೆಂಕಿ ದಲಿತರ ಕೇರಿಯಿಂದಲೇ ಬರಬೇಕು. ಹೋಳಿಯಲ್ಲಿ ಎಲ್ಲ ಜಾತಿಯ ಹುಡುಗರೂ ಹಲಗಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ವರ್ಷವಿಡೀ ಜಾತ್ರೆಗೆ, ಸಾವಿಗೆ ಹಲಗಿ ಬಾರಿಸಿದ ಕೈಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿದವರೂ ನಾವೇ. ಅವರ ಬೆಂಕಿ ಬೇಕು, ಅವರ ತಾಳ ಬೇಕು, ಅವರ ಮನೆಯ ನೀರು ಬೇಡ ಎನ್ನುವುದು ಯಾವ ನ್ಯಾಯ? ಈಗ ಫೈಬರ್ ಹಲಗಿ ಬಂದಿದೆ, ಚರ್ಮ ಹದ ಮಾಡಿ ಹಲಗಿ ಕಟ್ಟುವವರ ಹೊಟ್ಟೆಗೂ ಹೊಡೆತ ಬಿದ್ದಿದೆ. ಹಲಗಿ ನಮ್ಮ ಹೆಮ್ಮೆ ಎಂದು ಭಾಷಣ ಮಾಡುವವರು ಮೊದಲು ಹಲಗಿಯವನಿಗೆ ಪಕ್ಕದಲ್ಲಿ ಕುರ್ಚಿ ಕೊಡಲಿ.

ಕನ್ನಡದ ತಮ್ಮಂದಿರೇ, ತಂಗಿಯರೇ, ಹೋಳಿಯನ್ನು ಬೈದು ಕೈ ತೊಳೆದುಕೊಳ್ಳಬೇಡಿ. ಕಾಮಣ್ಣನ ಹಬ್ಬ ಎಂದು ಅದರ ಹೆಸರಿಟ್ಟು ಕರೆಯಿರಿ. ನಿಮ್ಮ ಬಡಾವಣೆಯಲ್ಲಿ ಹಬ್ಬ ಮಾಡುವುದಾದರೆ ಬಾಗಲಕೋಟೆ, ವಿಜಯಪುರ ಕಡೆಯಿಂದ ಒಂದು ಹಲಗಿ ಮೇಳ ಕರೆಸಿ, ಡಿಜೆಗೆ ಕೊಡುವಷ್ಟೇ ಸಂಭಾವನೆ ಕೊಡಿ. ಊರು ಬಿಟ್ಟು ಬಂದವರು ಹುಣ್ಣಿಮೆಗೆ ಊರಿಗೆ ಹೋಗಿ, ಅಜ್ಜ ಅಜ್ಜಿಯರ ಮುಂದೆ ಕುಳಿತು ಅವರ ಹಾಡನ್ನು ಮೊಬೈಲಿನಲ್ಲಿ ಹಿಡಿಯಿರಿ, ಆಮೇಲೆ ಕೂತು ಕನ್ನಡದಲ್ಲಿ ಬರೆದಿಡಿ. ಸಾವಳಗಿ ಸುತ್ತಿನ ಹೋಳಿ ಹಾಡುಗಳನ್ನು ಬರೆದು ತರುವವರಿದ್ದರೆ ಬರಲಿ. ಕಾಗದದ ದುಡ್ಡು ಕೊಟ್ಟರೆ ಸಾಕು, ಪುಸ್ತಕ ಅಚ್ಚು ಹಾಕಿಕೊಡುವ ಹೊಣೆ ನನ್ನದು.